ದೂರು ಕೊಡಲಾರದವನ ಹಕ್ಕು

ಬೆಂಗಳೂರಿನ ಪೀಣ್ಯದ ಒಳಬೀದಿಗಳಲ್ಲಿ ಒಂದು ಮುಂಜಾನೆ ಸಾವಕಾಶವಾಗಿ ನಡೆದುಹೋಗುವವನಿಗೆ ಕಾರ್ಖಾನೆಗಳಿಗಿಂತ ಮೊದಲು ಗೋಚರವಾಗುವುದು ಅವುಗಳ ನಡುವಣ ಓಡಾಟ. ಒಂದು ಶೆಡ್ಡಿನ ಲೇತಿನಲ್ಲಿ ರೂಪ ತಳೆದ ಉಕ್ಕಿನ ಬಿಡಿಭಾಗವು ಚಲನ್ ಚೀಟಿಯನ್ನು ಜೊತೆಗಿಟ್ಟುಕೊಂಡು, ಗೂಡ್ಸ್ ಆಟೋವನ್ನೇರಿ, ಹೀಟ್ ಟ್ರೀಟ್‌ಮೆಂಟಿಗೆ ಒಂದು ಬೀದಿಗೂ ಗ್ರೈಂಡಿಂಗಿಗೆ ಮತ್ತೊಂದು ಬೀದಿಗೂ ಪ್ಲೇಟಿಂಗಿಗೆ ಮಗುದೊಂದು ಬೀದಿಗೂ ಸಂಚರಿಸಿ, ನಾಲ್ಕಾರು ಯಜಮಾನರ ಕೈ ದಾಟಿದ ಬಳಿಕ ದೊಡ್ಡ ಕಂಪನಿಯೊಂದರ ಬಾಗಿಲನ್ನು ಸೇರುತ್ತದೆ. ಇವರಲ್ಲಿ ಯಾರೊಬ್ಬರನ್ನೂ ಬಿಡಿಯಾಗಿ ಕಿತ್ತು ಬೇರೆ ಊರಿನಲ್ಲಿ ನೆಟ್ಟರೆ ಆತನು ಬದುಕುವುದು ದುಸ್ತರ. ಏಕೆಂದರೆ ಆತನ ಬಂಡವಾಳದ ಅರ್ಧಾಂಶ ಯಂತ್ರದಲ್ಲಿಯೂ ಉಳಿದರ್ಧ ನೆರೆಯವರ ಪರಿಚಯದಲ್ಲಿಯೂ ಹೂಡಲ್ಪಟ್ಟಿದೆ.

ಈ ಪರಿಚಯಜಾಲವು ತಾನಾಗಿ ಹುಟ್ಟಿದುದೆಂದು ಭಾವಿಸುವುದು ಸರಿಯಲ್ಲ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್: ಹೀಗೆ ಒಂದೂವರೆ ದಶಕದೊಳಗೆ ಬೆಂಗಳೂರಿನಲ್ಲಿ ನೆಲೆಗೊಂಡ ಮಹಾಕಾರ್ಖಾನೆಗಳು ಟರ್ನರುಗಳನ್ನೂ ಫಿಟ್ಟರುಗಳನ್ನೂ ಟೂಲ್‌ರೂಮಿನ ನುರಿತ ಕೈಗಳನ್ನೂ ತಯಾರು ಮಾಡಿದುವು. ಅಂಥವರಲ್ಲಿ ಕೆಲವರು ನೌಕರಿಯನ್ನು ಬಿಟ್ಟು, ಒಂದು ಹಳೆಯ ಲೇತನ್ನು ಕೊಂಡು, ತಾವು ನಿನ್ನೆಯವರೆಗೆ ದುಡಿದ ಕಾರ್ಖಾನೆಯಿಂದಲೇ ಜಾಬ್ ವರ್ಕ್ ತಂದು ಸ್ವತಂತ್ರರಾದರು. ಸರ್ಕಾರದ ನೀತಿಯು ಕಾರ್ಖಾನೆಯನ್ನು ಕಟ್ಟಿತು. ಕಾರ್ಖಾನೆಯೊಳಗಿನ ಸ್ನೇಹವು ಅದರ ಸುತ್ತ ನೂರಾರು ಕಿರಿಯ ಕಾರ್ಖಾನೆಗಳನ್ನು ಕಟ್ಟಿತು. ನೀತಿಯೂ ನಂಟೂ ಕೈಗೂಡಿದರೆ ಏನಾದೀತೆಂಬುದಕ್ಕೆ ಬೆಂಗಳೂರಿಗೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಆದಾಗ್ಯೂ, ಸಣ್ಣ ಉದ್ಯಮವನ್ನು ಕುರಿತು ತದನಂತರ ರಚಿತವಾದ ನೀತಿಗಳಲ್ಲಿ ಬಹುಪಾಲು ಈ ನಂಟನ್ನು ಗಮನಿಸದೆ ಗಾತ್ರವನ್ನೇ ಅಳೆಯುತ್ತ ಕುಳಿತುವು. 1967ರಲ್ಲಿ ಕೆಲವು ವಸ್ತುಗಳ ತಯಾರಿಕೆಯನ್ನು ಸಣ್ಣವರಿಗೇ ಮೀಸಲಿರಿಸುವ ಪದ್ಧತಿ ಆರಂಭವಾಗಿ, ಆ ಪಟ್ಟಿಯು ಎಂಟುನೂರನ್ನು ಮೀರಿ ಬೆಳೆದು, ಕ್ರಮೇಣ ಕರಗುತ್ತ ಬಂದು, ಉಪ್ಪಿನಕಾಯಿ, ಮೇಣದಬತ್ತಿ, ಅಗರಬತ್ತಿ, ಬೀಗ ಮೊದಲಾದ ಕೊನೆಯ 20 ವಸ್ತುಗಳ ಮೀಸಲು 2015ರ ಏಪ್ರಿಲಿನಲ್ಲಿ ರದ್ದಾಯಿತು. ಸಣ್ಣವನಾಗಿರುವವರೆಗೆ ಮಾತ್ರ ರಕ್ಷಣೆಯೆಂದರೆ, ಬೆಳೆಯದಿರುವುದೇ ಜಾಣತನವೆಂದು ಕಲಿಸಿದಂತಾಗದೆ? ಈಗಿನ ಅಳತೆಗೋಲಾದರೂ ಇನ್ನೊಂದು ಬಗೆಯಲ್ಲಿ ವಿಚಿತ್ರವಾಗಿದೆ. 2025ರ ಏಪ್ರಿಲಿನಿಂದ ಎರಡೂವರೆ ಕೋಟಿ ರೂಪಾಯಿಗಳವರೆಗಿನ ಹೂಡಿಕೆಯೂ 10 ಕೋಟಿಯವರೆಗಿನ ವಹಿವಾಟೂ ಉಳ್ಳ ಉದ್ಯಮವೆಲ್ಲ ‘ಸೂಕ್ಷ್ಮ’ವೇ. ಅಪ್ಪ-ಮಗ ಇಬ್ಬರೇ ದುಡಿಯುವ ಲೇತ್ ಅಂಗಡಿಯೂ, ಮ್ಯಾನೇಜರನ್ನಿಟ್ಟು ನಡೆಸುವ ಕಾರ್ಖಾನೆಯೂ ಸರ್ಕಾರದ ಕಡತದಲ್ಲಿ ಒಂದೇ ಪಂಕ್ತಿಯ ಅತಿಥಿಗಳು.

ಸಣ್ಣವನಿಗೆ ಪ್ರಾಣಸಂಕಟವನ್ನು ತರುವುದು ಬಂಡವಾಳದ ಕೊರತೆಗಿಂತಲೂ ಬಾಕಿಯ ಹಣ. ಇದಕ್ಕೆ 2006ರ ಕಾಯಿದೆಯಲ್ಲಿ ಒಳ್ಳೆಯ ಮದ್ದೇ ಇದೆ. ಸೂಕ್ಷ್ಮ ಹಾಗೂ ಸಣ್ಣ ಉದ್ಯಮದಿಂದ ಸರಕನ್ನು ಪಡೆದು ಒಪ್ಪಿದವನು, ಲಿಖಿತ ಕರಾರಿಲ್ಲದಿದ್ದರೆ 15 ದಿನಗಳಲ್ಲಿಯೂ, ಕರಾರಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿಯೂ ಹಣವನ್ನು ಸಲ್ಲಿಸತಕ್ಕದ್ದು. ತಪ್ಪಿದರೆ ರಿಸರ್ವ್ ಬ್ಯಾಂಕು ಸೂಚಿಸುವ ಬ್ಯಾಂಕ್ ದರದ ಮೂರರಷ್ಟನ್ನು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ತೆರತಕ್ಕದ್ದು. ವ್ಯಾಜ್ಯ ತೀರಿಸಲು ರಾಜ್ಯದಲ್ಲಿ ಮಂಡಲಿಯುಂಟು. ಅದರ ತೀರ್ಪನ್ನು ಪ್ರಶ್ನಿಸಹೊರಟ ಖರೀದಿದಾರನು ಮೊದಲು ಶೇ. 75ರಷ್ಟು ಮೊತ್ತವನ್ನು ಠೇವಣಿಯಿಡಬೇಕು. ಇದು ಸಾಲದೆಂದು, ಗಡುವಿನೊಳಗೆ ಸಲ್ಲಿಸದ ಹಣವನ್ನು ಅದು ಪಾವತಿಯಾಗುವ ವರ್ಷದವರೆಗೆ ಖರ್ಚೆಂದು ತೋರಿಸಕೂಡದೆಂಬ ನಿಬಂಧನೆಯೂ 2024ರ ಏಪ್ರಿಲಿನಿಂದ ಆದಾಯ ತೆರಿಗೆಯ ಕಾಯಿದೆಗೆ ಸೇರಿತು. ಕಾಗದದ ಮೇಲೆ ಇಷ್ಟು ಬಲಿಷ್ಠನಾದ ಸಾಹುಕಾರನು ಬೇರೆಲ್ಲಿಯೂ ದೊರೆಯಲಾರನು.

ಆದರೆ ವಾಸ್ತವವೇನು? ಮೂರು ಲೇತುಗಳ ಒಡೆಯರಾದ ನನ್ನ ಪರಿಚಿತರೊಬ್ಬರನ್ನು, ಆರು ತಿಂಗಳಿಂದ ಬಾರದ ಬಿಲ್ಲಿಗಾಗಿ ಮಂಡಲಿಗೆ ಏಕೆ ಹೋಗಬಾರದೆಂದು ಕೇಳಿದೆ. ಅವರು ಕೈಗೆ ಅಂಟಿದ ಎಣ್ಣೆಯನ್ನು ಬನಿಯನ್ ವೇಸ್ಟಿನಿಂದ ಒರೆಸಿಕೊಳ್ಳುತ್ತ, “ಸ್ವಾಮಿ, ದೂರು ಕೊಟ್ಟರೆ ಹಳೇ ದುಡ್ಡು ಬರಬಹುದು, ಹೊಸ ಆರ್ಡರ್ ಬರೋದಿಲ್ಲ. ಒಂದು ಕಂಪನೀಲಿ ದೂರಿಗೆ ಹೋದವನು ಅಂತ ಹೆಸರಾದರೆ ನಾಲ್ಕು ಕಂಪನೀಲಿ ಬಾಗಿಲು ಮುಚ್ಚುತ್ತೆ” ಎಂದರು. ಅವರಿಗೆ ಕೆಲಸ ತಂದುಕೊಟ್ಟ ಪರಿಚಯಜಾಲವೇ ಅವರ ಬಾಯಿಯನ್ನೂ ಕಟ್ಟಿದೆ. ಕಾಯಿದೆಯು ಇಬ್ಬರು ಅಪರಿಚಿತರ ನಡುವಣ ವ್ಯಾಜ್ಯವನ್ನು ಕಲ್ಪಿಸಿಕೊಂಡಿತು. ಇಲ್ಲಿರುವುದು ನಾಳೆಯೂ ಮುಖ ನೋಡಬೇಕಾದವರ ಸಂಬಂಧ.

ನಂಟು ಎಲ್ಲರನ್ನೂ ಒಂದೇ ಸಮನಾಗಿ ಪೊರೆಯುವುದೂ ಇಲ್ಲ. ತಿಂಗಳ ಸಂಬಳದ ಹಿಂದಿನ ದಿನ ಕೈಸಾಲವನ್ನೀಯುವ ನೆರೆಯವನು, ಚೀಟಿ ಎತ್ತಲು ಜಾಮೀನು ನಿಲ್ಲುವ ಬಂಧು, ಹೊಸ ಆರ್ಡರಿನ ಸುಳಿವನ್ನು ಹೇಳುವ ಹಳೆಯ ಸಹೋದ್ಯೋಗಿ: ಇವರೆಲ್ಲ ಇದ್ದವನಿಗೆ ಮಾರುಕಟ್ಟೆಯು ಮನೆಯಂಗಳ. ತನ್ನ ಜಾತಿಯವರಾಗಲಿ ಕುಲದವರಾಗಲಿ ಮುಂಚೆ ಈ ಕಸುಬಿಗೆ ಬಾರದಿದ್ದವನಿಗೆ, ಹೆಣ್ಣೆಂಬ ಕಾರಣಕ್ಕೆ ಸಂಜೆಯ ಕಾಫಿಯ ಹರಟೆಗೆ ಸೇರಲಾಗದವಳಿಗೆ, ಅದೇ ಅಂಗಳದ ಸುತ್ತ ಬೇಲಿ. ಕೇಂದ್ರ ಸರ್ಕಾರದ ಇಲಾಖೆಗಳೂ ಉದ್ಯಮಗಳೂ ತಮ್ಮ ವಾರ್ಷಿಕ ಖರೀದಿಯಲ್ಲಿ ಸಣ್ಣವರಿಗೆ ಕೊಡಬೇಕಾದ ಶೇ. 25ರೊಳಗೆ ಪರಿಶಿಷ್ಟರಿಗೆ ಶೇ. 4ನ್ನೂ ಮಹಿಳೆಯರಿಗೆ ಶೇ. 3ನ್ನೂ ಪ್ರತ್ಯೇಕಿಸಿರುವುದು ಈ ಬೇಲಿಯಲ್ಲಿ ತೆರೆದ ದಿಡ್ಡಿಬಾಗಿಲು.

ಪರಿಚಯದ ಬಲವನ್ನು ಪರಿಚಯವಿಲ್ಲದವನಿಗೂ ಒದಗಿಸಬಲ್ಲ ಸಂಸ್ಥೆಯನ್ನು ಕಟ್ಟುವುದು ಅಸಾಧ್ಯವೇನಲ್ಲ. 1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದು, ಮನೆ ಮನೆಗೂ ಅಂಗಡಿ ಅಂಗಡಿಗೂ ತನ್ನ ಪ್ರತಿನಿಧಿಯನ್ನು ದಿನವೂ ಕಳುಹಿ ಆಣೆಗಳ ಲೆಕ್ಕದಲ್ಲಿ ಹಣವನ್ನು ಕೂಡಿಸಿತು. ದಿನವೂ ಬಾಗಿಲಿಗೆ ಬಂದವನಿಗೆ ಆ ಮನೆಯ ದುಡಿಮೆಯೂ ತಿಳಿಯುತ್ತದೆ, ನಿಯತ್ತೂ ತಿಳಿಯುತ್ತದೆ. ಭಾವಮೈದುನನ ಜಾಮೀನಿಲ್ಲದವನಿಗೂ ಆ ಪುಟ್ಟ ಪಾಸ್‌ಪುಸ್ತಕವೇ ಸಾಕ್ಷಿಯಾಗಿ ನಿಲ್ಲುತ್ತದೆ.

ಬಾಕಿಯ ವಿಷಯದಲ್ಲಿಯೂ ಅಂಥದೊಂದು ಸಾಕ್ಷ್ಯವು ಸರ್ಕಾರದ ಕೈಯಲ್ಲಿಯೇ ಇದೆಯೆಂಬುದನ್ನು ನಾವು ಮರೆತಿದ್ದೇವೆ. ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ 45 ದಿನ ಮೀರಿ ಹಣ ಉಳಿಸಿಕೊಂಡ ಕಂಪನಿಗಳು, ಆ ಬಾಕಿಯ ಮೊತ್ತವನ್ನೂ ತಡಕ್ಕೆ ಕಾರಣವನ್ನೂ ಆರು ತಿಂಗಳಿಗೊಮ್ಮೆ ಕಂಪನಿಗಳ ರಿಜಿಸ್ಟ್ರಾರರಿಗೆ ವರದಿ ಮಾಡತಕ್ಕದ್ದೆಂಬ ಆಜ್ಞೆ 2019ರಿಂದ ಜಾರಿಯಲ್ಲಿದೆ. ಸಾಲಗಾರನು ತಾನೇ ತನ್ನ ಕೈಯಾರೆ ಬರೆದೊಪ್ಪಿಸಿದ ಲೆಕ್ಕವು ಕಡತದಲ್ಲಿರುವಾಗ, ದೂರು ಕೊಡು ಬಾರೆಂದು ಬಡ ಲೇತಿನವನನ್ನು ಕರೆಯುವುದು ಯಾವ ನ್ಯಾಯ? ಆ ವರದಿಯನ್ನೇ ದೂರೆಂದು ಪರಿಗಣಿಸಿ, ಅದನ್ನು ನೇರವಾಗಿ ಮಂಡಲಿಗೆ ರವಾನಿಸಿ, ಬಡ್ಡಿಯ ಆದೇಶವನ್ನು ಅಲ್ಲಿಂದಲೇ ಹೊರಡಿಸುವಂತೆ ನಿಯಮ ಮಾಡಿದರೆ, ಹಣವನ್ನು ಕೇಳಿದವನು ಸರ್ಕಾರವಾಗುತ್ತದೆಯೇ ವಿನಾ ಸರಕನ್ನು ಕೊಟ್ಟವನಾಗುವುದಿಲ್ಲ. ಕಂಪನಿಯಲ್ಲದ ಖರೀದಿದಾರರು ಈ ಬಲೆಯಿಂದ ಹೊರಗುಳಿಯುತ್ತಾರೆ, ನಿಜ. ಅವರ ವಿಚಾರದಲ್ಲಿ ಉದ್ಯಮಿಗಳ ಸಂಘಕ್ಕೇ ಸದಸ್ಯರ ಪರವಾಗಿ ದೂರನ್ನು ಸಲ್ಲಿಸಲು ಅಧಿಕಾರವಿರಲಿ.

ಹಾಗಾದ ದಿನ ನನ್ನ ಪರಿಚಿತರು ಹಳೆಯ ಬಿಲ್ಲಿನ ಹಣವನ್ನು ಪಡೆದು, ಮರುದಿನ ಬೆಳಗ್ಗೆ ಅದೇ ಕಂಪನಿಯ ಸ್ಟೋರಿನ ಕಿಟಕಿಯ ಮುಂದೆ ಹೊಸ ಚಲನ್ ಹಿಡಿದು, ಎಂದಿನಂತೆ ನಮಸ್ಕಾರ ಹೇಳಿ ನಿಲ್ಲಬಹುದು.