ಉಳಿದ ಬ್ರೆಡ್ ಹುರಿದರೆ ಸರಿಹೋಗುತ್ತದೆಯೇ?

ಹಳೆಯ ಬ್ರೆಡ್ ಎಸೆಯಬೇಡಿ, ಬೂಷ್ಟು ಬಂದ ಜಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಹುರಿಯಿರಿ, ಬೆಂಕಿ ತಾಗಿದರೆ ಎಲ್ಲವೂ ಶುದ್ಧ ಎಂಬ ಸಲಹೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರಲ್ಲಿ ಅರ್ಧ ಒಳ್ಳೆಯ ಅಡುಗೆ, ಇನ್ನರ್ಧ ಅಪಾಯ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಂತಹ ಊರಿನಲ್ಲಿ ಈ ವ್ಯತ್ಯಾಸ ತಿಳಿದಿರಲೇಬೇಕು.

ಮೊದಲು ಬ್ರೆಡ್ ಗಟ್ಟಿಯಾಗುವ ವಿಚಾರ. ನೀರು ಆರಿದ್ದರಿಂದ ಗಟ್ಟಿಯಾಯಿತು ಎಂದು ನಾವು ಭಾವಿಸುತ್ತೇವೆ. ಆದರೆ ನೀರು ಹೊರಹೋಗದಂತೆ ಮುಚ್ಚಿಟ್ಟ ಬ್ರೆಡ್ ಕೂಡ ಗಟ್ಟಿಯಾಗುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿ ಬೂಸಿಂಗೋ 1852ರಲ್ಲೇ ತೋರಿಸಿದ್ದರು. ಬೇಯುವಾಗ ಸಡಿಲವಾದ ಪಿಷ್ಟದ ಅಣುಗಳು ತಣಿದ ಮೇಲೆ ಮತ್ತೆ ಒತ್ತಾಗಿ ಜೋಡಣೆಯಾಗುವುದೇ ಇದಕ್ಕೆ ಮುಖ್ಯ ಕಾರಣ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿ ಮಾಡಿದರೆ ಆ ಜೋಡಣೆ ಸಡಿಲವಾಗಿ ಬ್ರೆಡ್ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ. ಅಂದರೆ ಗಟ್ಟಿಯಾದ ಬ್ರೆಡ್ ಕೆಟ್ಟ ಬ್ರೆಡ್ ಅಲ್ಲ. ಅಂದಹಾಗೆ, ಫ್ರಿಜ್ಜಿನ ತಣ್ಣನೆಯಲ್ಲಿ ಬೂಷ್ಟು ನಿಧಾನವಾಗುತ್ತದೆ, ಆದರೆ ಬ್ರೆಡ್ ಬೇಗ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಫ್ರೀಜರ್ ಒಳ್ಳೆಯದು.

ಬೂಷ್ಟಿನ ಕಥೆಯೇ ಬೇರೆ. ಕಣ್ಣಿಗೆ ಕಾಣುವ ಹಸಿರು ಅಥವಾ ಕಪ್ಪು ಚುಕ್ಕೆ ಶಿಲೀಂಧ್ರದ ಬೀಜಕಣಗಳಿರುವ ಭಾಗ ಮಾತ್ರ. ಅದರ ನೂಲಿನಂತಹ ಎಳೆಗಳು ಬ್ರೆಡ್ಡಿನ ತೂತುಗಳ ಮೂಲಕ ಆಗಲೇ ಒಳಗೆ ಹರಡಿರುತ್ತವೆ. ಹುರಿದರೆ ಶಿಲೀಂಧ್ರ ಸಾಯಬಹುದು. ಕೆಲವು ಜಾತಿಗಳು ಬಿಟ್ಟುಹೋಗುವ ವಿಷ ಹಾಗಲ್ಲ. ಉದಾಹರಣೆಗೆ, ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ಪೂರ್ತಿ ಒಡೆಯಲು 200 ಡಿಗ್ರಿಗೂ ಮೀರಿದ ಶಾಖ ಬೇಕು. ಬ್ರೆಡ್ ತುಂಡಿನೊಳಗೆ ತೇವ ಇರುವವರೆಗೆ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದೇ ಕಷ್ಟ. ಎಲ್ಲ ಬೂಷ್ಟಿನಲ್ಲೂ ಇಂತಹ ವಿಷ ಇರುವುದಿಲ್ಲ, ನಿಜ. ಆದರೆ ಯಾವುದರಲ್ಲಿದೆ ಎಂದು ಬಣ್ಣ ನೋಡಿ ಹೇಳಲಾಗದು. ಪೆನ್ಸಿಲಿನ್ ಬಂದದ್ದೂ ಬೂಷ್ಟಿನಿಂದಲೇ ಅಲ್ಲವೇ ಎನ್ನುವವರಿದ್ದಾರೆ. ಫ್ಲೆಮಿಂಗ್ 1928ರಲ್ಲಿ ಅದನ್ನು ಕಂಡದ್ದು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ; ತಿಂಡಿಯ ತಟ್ಟೆಯಲ್ಲಲ್ಲ. ಚುಕ್ಕೆ ಕಂಡರೆ ಇಡೀ ಪೊಟ್ಟಣ ಕಸಕ್ಕೆ. ಮೂಸಿಯೂ ನೋಡಬೇಡಿ, ಬೀಜಕಣ ಮೂಗಿಗೆ ಹೋಗುತ್ತದೆ.

ಹಾಗಾದರೆ ಸೂಪಿಗೆ ಹಾಕುವ ಕ್ರುಟಾನ್ ಮಾಡುವುದು ಯಾವಾಗ? ಬ್ರೆಡ್ ತಂದ ಎರಡನೇ ದಿನ, ಚುಕ್ಕೆ ಬರುವ ಮೊದಲೇ. ಒಂದು ದಿನದ ಬ್ರೆಡ್ಡನ್ನು ಪುಡಿಯಾಗದಂತೆ ಕತ್ತರಿಸುವುದೂ ಸುಲಭ. ಬೆರಳಿನ ಅಗಲದ ತುಂಡು ಮಾಡಿ. ನಾಲ್ಕು ಹೋಳಿಗೆ ಒಂದು ದೊಡ್ಡ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಸಾಕು. ಬೆಳ್ಳುಳ್ಳಿ ಬೇಕಿದ್ದರೆ ಜಜ್ಜಿ ಎಣ್ಣೆಯಲ್ಲಿ ಬಿಸಿ ಮಾಡಿ ತೆಗೆದುಬಿಡಿ, ಇಲ್ಲದಿದ್ದರೆ ಕರಟಿ ಕಹಿಯಾಗುತ್ತದೆ. ದಪ್ಪ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕೈಯಾಡಿಸಿ. ಉರಿ ದೊಡ್ಡದಾದರೆ ಹೊರಗೆ ಕೆಂಪಗೆ, ಒಳಗೆ ಹಸಿ. ಒಂದನ್ನು ಮುರಿದು ನೋಡಿ: ನಡುವೆ ಮೆತ್ತಗಿದ್ದರೆ ಇನ್ನೂ ಆಗಿಲ್ಲ. ಹೊಂಬಣ್ಣಕ್ಕೆ ನಿಲ್ಲಿಸಿ. ಪಿಷ್ಟದ ತಿನಿಸು ಕಪ್ಪಾದಷ್ಟೂ ಅಕ್ರಿಲಮೈಡ್ ಹೆಚ್ಚುತ್ತದೆ. ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಆಹಾರದಲ್ಲಿ ಗುರುತಿಸಿದ ಈ ರಾಸಾಯನಿಕ ಕ್ಯಾನ್ಸರ್‌ಕಾರಕ ಇರಬಹುದೆಂಬ ಶಂಕೆ ಇದೆ.

ಬಿಸಿಲಿಗೆ ಒಣಗಿಸಿದರೂ ಆಗುತ್ತದೆ ಎಂಬ ಮಾತು ಬಯಲುಸೀಮೆಯ ಏಪ್ರಿಲ್‌ಗೆ ಸರಿ. ಜುಲೈಯಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇ. 90ರ ಆಸುಪಾಸು, ಬ್ರೆಡ್ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಹುರಿದ ತುಂಡೂ ಅದೇ ಗಾಳಿಯ ನೀರನ್ನು ಎಳೆದುಕೊಂಡು, ಹೊರಗಿಟ್ಟ ಹಪ್ಪಳದ ಹಾಗೆ, ಮೆತ್ತಗಾಗುತ್ತದೆ. ಪೂರ್ತಿ ತಣಿದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿಯಿರುವಾಗ ಮುಚ್ಚಿದರೆ ಹಬೆ ಒಳಗೇ ನೀರಾಗುತ್ತದೆ. ಒಂದೆರಡು ದಿನದಲ್ಲಿ ಮೆತ್ತಗಾದರೆ ಕಾವಲಿಯಲ್ಲಿ ಮೂರು ನಿಮಿಷ ಬೆಚ್ಚಗೆ ಮಾಡಿ, ಟೊಮೆಟೊ ಸಾರಿಗೋ ಚರುಮುರಿಗೋ ಕೊನೆಯ ಕ್ಷಣದಲ್ಲಿ ಉದುರಿಸಿ.