ಕಂಪ್ಯೂಟರ್ ದೂರ ಹೋಗಲಿ, ಕೀಲಿಕೈ ಇಲ್ಲೇ ಇರಲಿ

ಕೆಲಸ ಇರುವ ಊರಿಗೆ ಹೋಗುವುದು ಹೊರನಾಡ ಕನ್ನಡಿಗರಿಗೆ ಹೊಸದಲ್ಲ. ಪುಣೆಯ ವಾಹನ ಕಾರ್ಖಾನೆಗಳಿಗೆ, ಚೆನ್ನೈನ ವಿನ್ಯಾಸ ಕೇಂದ್ರಗಳಿಗೆ, ಹೈದರಾಬಾದಿನ ಔಷಧ ಕಂಪನಿಗಳಿಗೆ ನಾವು ಬಂದಿದ್ದೇ ಹಾಗೆ. ಈಗ ಇದೇ ಕಂಪನಿಗಳ ಸಭೆಗಳಲ್ಲಿ ಇನ್ನೊಂದು ವಲಸೆಯ ಮಾತು ನಡೆಯುತ್ತಿದೆ. ಈ ಬಾರಿ ಗಂಟುಮೂಟೆ ಕಟ್ಟುತ್ತಿರುವುದು ಯಂತ್ರಗಳು. ಕಚೇರಿಯ ಹಿಂಭಾಗದ ತಣ್ಣನೆಯ ಕೋಣೆಯಲ್ಲಿ ಸದ್ದು ಮಾಡುತ್ತಿದ್ದ ದೊಡ್ಡ ಕಂಪ್ಯೂಟರ್ ಸಮೂಹವನ್ನು ವಿದ್ಯುತ್ ಅಗ್ಗವಾಗಿರುವ, ಹವೆ ತಂಪಾಗಿರುವ ದೂರದ ದೇಶದ ಡೇಟಾ ಸೆಂಟರ್‌ಗೆ ಸಾಗಿಸಿದರೆ ಹೇಗೆ ಎಂಬ ಪ್ರಶ್ನೆ ಅದು. ಆ ಸಭೆಗಳಲ್ಲಿ ಕೂರುವವರಲ್ಲಿ, ಆ ಯಂತ್ರಗಳ ಮೇಲೆ ದಿನವೂ ಕೆಲಸ ಮಾಡುವವರಲ್ಲಿ ಈ ಪುಟದ ಓದುಗರೂ ಇದ್ದಾರೆ. ಹಾಗಾಗಿ ಇದನ್ನು ಐಟಿ ವಿಭಾಗದ ತಲೆನೋವು ಎಂದು ಬದಿಗಿಡುವಂತಿಲ್ಲ.

ಇದು ಹೊಸ ಯೋಚನೆಯೂ ಅಲ್ಲ. ಜರ್ಮನಿಯ ಬಿಎಂಡಬ್ಲ್ಯು ಕಂಪನಿ 2012ರಲ್ಲೇ ಈ ದಾರಿ ಹಿಡಿಯಿತು. ಕಾರಿನ ಡಿಕ್ಕಿ ಪರೀಕ್ಷೆ, ಗಾಳಿಯ ಹರಿವಿನ ಲೆಕ್ಕ, ವಿನ್ಯಾಸದ ಗಣನೆ ಮುಂತಾದ ಹತ್ತು ಭಾರಿ ಕೆಲಸಗಳನ್ನು ಐಸ್‌ಲ್ಯಾಂಡಿನ ಕೆಫ್ಲಾವಿಕ್‌ನಲ್ಲಿರುವ ವರ್ನ್ ಗ್ಲೋಬಲ್ ಡೇಟಾ ಸೆಂಟರ್‌ಗೆ ವರ್ಗಾಯಿಸಿತು. ಆ ಜಾಗ ಹಿಂದೆ ನ್ಯಾಟೊ ಪಡೆಗಳ ನೆಲೆಯಾಗಿತ್ತು; 2006ರಲ್ಲಿ ಅಮೆರಿಕದ ಸೈನಿಕರು ಹೊರಟ ಮೇಲೆ ಖಾಲಿಯಾದ ಪ್ರದೇಶ. ಬಿಎಂಡಬ್ಲ್ಯು ಸಾಗಿಸಿದ ಕೆಲಸಕ್ಕೆ ವರ್ಷಕ್ಕೆ 63 ಲಕ್ಷ ಯೂನಿಟ್ ವಿದ್ಯುತ್ ಬೇಕಿತ್ತು. ಈ ಬದಲಾವಣೆಯಿಂದ ವರ್ಷಕ್ಕೆ 3,570 ಟನ್ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ತಪ್ಪುತ್ತದೆ ಎಂದು ಆಗ ಹೇಳಲಾಗಿತ್ತು. 2018ರಲ್ಲಿ ಫೋಕ್ಸ್‌ವ್ಯಾಗನ್ ಕೂಡ ಅದೇ ಕೇಂದ್ರಕ್ಕೆ ತನ್ನ ಒಂದಿಷ್ಟು ಗಣನೆಯನ್ನು ಕಳಿಸಿತು.

ಲೆಕ್ಕ ಸರಳವಾಗಿದೆ. ಕಂಪ್ಯೂಟರ್ ಸೇದುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಮತ್ತೆ ವಿದ್ಯುತ್ ಬೇಕು. ಏಪ್ರಿಲ್‌ನಲ್ಲಿ 38–40 ಡಿಗ್ರಿ ಮುಟ್ಟುವ ಪುಣೆಯಲ್ಲಿ ಹಳೆಯ ಮಾದರಿಯ ಸರ್ವರ್ ಕೋಣೆ ಇದ್ದರೆ, ಯಂತ್ರಕ್ಕೆ ಒಂದು ಯೂನಿಟ್ ಕೊಟ್ಟಾಗ ತಂಪು ಮಾಡಲು ಇನ್ನರ್ಧ ಯೂನಿಟ್ ಹೋದರೂ ಆಶ್ಚರ್ಯವಿಲ್ಲ. ಕೆಫ್ಲಾವಿಕ್‌ನಲ್ಲಿ ಜುಲೈ ತಿಂಗಳ ಸರಾಸರಿ ಉಷ್ಣಾಂಶವೇ 12 ಡಿಗ್ರಿ ಆಸುಪಾಸು. ಹೊರಗಿನ ಗಾಳಿಯನ್ನು ಸೋಸಿ ಒಳಗೆ ಬಿಟ್ಟರೆ ಬಹುಪಾಲು ಕೆಲಸ ಮುಗಿಯಿತು. ಅಲ್ಲಿನ ವಿದ್ಯುತ್ತಿನಲ್ಲಿ ಸುಮಾರು ಶೇ 70ರಷ್ಟು ಜಲವಿದ್ಯುತ್, ಉಳಿದದ್ದು ಭೂಗರ್ಭದ ಶಾಖದಿಂದ ಬರುವಂಥದ್ದು. ನಮ್ಮ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬಿಎಂಡಬ್ಲ್ಯುನಷ್ಟೇ ವಿದ್ಯುತ್ ಬಳಸುವ ಕಂಪನಿ ನಮ್ಮಲ್ಲಿದ್ದರೆ ಅದರ ಪಾಲು ವರ್ಷಕ್ಕೆ 4,400 ಟನ್ ಮೀರುತ್ತದೆ. ಪರಿಸರದ ಲೆಕ್ಕ ಒಪ್ಪಿಸಬೇಕಾದ ಮುಖ್ಯಸ್ಥರಿಗೆ ಈ ಅಂಕಿ ಆಕರ್ಷಕವಾಗಿ ಕಾಣುವುದು ಸಹಜ.

ಆದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಮೊದಲು ನೋಡಬೇಕಾದದ್ದು ಕೆಲಸದ ಸ್ವಭಾವ. ಡಿಕ್ಕಿ ಪರೀಕ್ಷೆಯ ಗಣನೆಯನ್ನು ಸಂಜೆ ಸಾಲಿಗೆ ಹಚ್ಚಿ ಮನೆಗೆ ಹೋದರೆ ಬೆಳಿಗ್ಗೆ ಫಲಿತಾಂಶ ಸಿದ್ಧವಾಗಿರುತ್ತದೆ. ನಡುವೆ ಯಾರೂ ಅದನ್ನು ಮುಟ್ಟುವುದಿಲ್ಲ. ಇಂಥ ಕೆಲಸ ಪಕ್ಕದ ಕೋಣೆಯಲ್ಲಿ ನಡೆದರೂ ಒಂದೇ, ಎಂಟು ಸಾವಿರ ಕಿಲೊಮೀಟರ್ ಆಚೆ ನಡೆದರೂ ಒಂದೇ. ಆದರೆ ಫಲಿತಾಂಶವನ್ನು ಪರದೆಯ ಮೇಲೆ ತಿರುಗಿಸಿ, ಕಂಬ ಎಲ್ಲಿ ಬಾಗಿತು, ಬೆಸುಗೆ ಎಲ್ಲಿ ಬಿಟ್ಟಿತು ಎಂದು ನೋಡುವ ಎಂಜಿನಿಯರ್‌ಗೆ ಪ್ರತಿ ಕ್ಲಿಕ್ಕಿಗೂ ಉತ್ತರ ತಕ್ಷಣ ಬರಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್ ಓಡುತ್ತದೆ. ಮ್ಯೂನಿಕ್‌ನಿಂದ ಕೆಫ್ಲಾವಿಕ್ ಸುಮಾರು 2,700 ಕಿ.ಮೀ. ಹೋಗಿಬರಲು ಕನಿಷ್ಠ 27 ಮಿಲಿಸೆಕೆಂಡ್. ಮುಂಬೈಯಿಂದ ನೇರ ದೂರವೇ 8,300 ಕಿ.ಮೀ. ಮೀರುತ್ತದೆ, ಕೇಬಲ್ಲಿನ ಸುತ್ತುದಾರಿ ಇನ್ನೂ ಉದ್ದ. ಎಂಥ ದುಡ್ಡು ಸುರಿದರೂ 83 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದು, ವಾಸ್ತವದಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚೇ ಆಗುತ್ತದೆ. ಬಿಎಂಡಬ್ಲ್ಯುಗೆ ಹೊಂದಿದ್ದು ನಮಗೂ ಹಾಗೆಯೇ ಹೊಂದುತ್ತದೆ ಎನ್ನುವವರು ಈ ಅಂತರವನ್ನು ಮರೆಯುತ್ತಾರೆ.

ಇನ್ನು ಫಲಿತಾಂಶದ ಫೈಲುಗಳ ಗಾತ್ರ. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕ ಪೂರ್ತಿ ನಿಮಗೇ ಸಿಕ್ಕರೂ ಒಂದು ಟೆರಾಬೈಟ್ ಇಳಿಸಿಕೊಳ್ಳಲು ಎರಡು ಗಂಟೆ ಹದಿಮೂರು ನಿಮಿಷ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ನಲವತ್ತು ಎಂಜಿನಿಯರ್‌ಗಳು ಒಟ್ಟಿಗೆ ಕೈಹಾಕಿದರೆ ಮಧ್ಯಾಹ್ನದ ಊಟದವರೆಗೂ ಕಾಯುವ ಪರಿಸ್ಥಿತಿ. ವಿದ್ಯುತ್ತಿನಲ್ಲಿ ಉಳಿಸಿದ್ದನ್ನು ಸಂಬಳ ಪಡೆದು ಕಾಯುವವರ ಗಂಟೆಗಳಲ್ಲಿ ಕಳೆದರೆ ಉಳಿತಾಯ ಎಲ್ಲಿ ಬಂತು? ಇದಕ್ಕೆ ಪರಿಹಾರವಿದೆ. ಫೈಲನ್ನು ತರದೆ ಅಲ್ಲೇ ಸಂಸ್ಕರಿಸಿ, ಬೇಕಾದ ಚಿತ್ರ, ನಕ್ಷೆ, ಸಂಖ್ಯೆಗಳನ್ನಷ್ಟೇ ತರುವುದು. ಆದರೆ ಅದಕ್ಕೆ ಕೆಲಸದ ಕ್ರಮವನ್ನೇ ಬದಲಿಸಬೇಕು. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಇದನ್ನು ಯೋಚಿಸುವುದಲ್ಲ, ಮೊದಲೇ ಮಾಡಿ ನೋಡಬೇಕು. ಸಾಫ್ಟ್‌ವೇರ್ ಪರವಾನಗಿಯ ಸಣ್ಣ ಅಕ್ಷರಗಳನ್ನೂ ಓದಬೇಕು. ಗಣನೆಯ ಎಷ್ಟೋ ದುಬಾರಿ ಸಾಫ್ಟ್‌ವೇರ್‌ಗಳ ಪರವಾನಗಿ ನಿರ್ದಿಷ್ಟ ದೇಶಕ್ಕೆ ಸೀಮಿತವಾಗಿರುತ್ತದೆ. ಯಂತ್ರ ಗಡಿ ದಾಟಿದರೆ ಶುಲ್ಕವೂ ಬದಲಾಗುತ್ತದೆ.

ಎರಡನೆಯದು ಆ ದೂರದ ನೆಲದ ಕಷ್ಟಸುಖ. ಅಕ್ಷಯ ವಿದ್ಯುತ್ ಎಂದು ಜಾಹೀರಾತು ಹೇಳುವ ಐಸ್‌ಲ್ಯಾಂಡಿನಲ್ಲೂ 2021ರ ಡಿಸೆಂಬರ್‌ನಲ್ಲಿ ಜಲಾಶಯಗಳ ನೀರು ಕಡಿಮೆಯಾಗಿ, ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿ ಕೆಲವು ಅಲ್ಯೂಮಿನಿಯಂ ಕಾರ್ಖಾನೆ ಮತ್ತು ಡೇಟಾ ಸೆಂಟರ್‌ಗಳಿಗೆ ಪೂರೈಕೆ ತಗ್ಗಿಸಿತು. ಬಿಟ್‌ಕಾಯಿನ್ ಗಣಿಗಾರಿಕೆಗೆ ಹೊಸ ಸಂಪರ್ಕ ಕೊಡುವುದಿಲ್ಲ ಎಂದಿತು. ಕೆಫ್ಲಾವಿಕ್ ಇರುವ ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ 2021ರಿಂದ ಜ್ವಾಲಾಮುಖಿಗಳು ಮತ್ತೆ ಎದ್ದಿವೆ. 2023ರ ನವೆಂಬರ್‌ನಲ್ಲಿ ಗ್ರಿಂಡವಿಕ್ ಪಟ್ಟಣವನ್ನೇ ಖಾಲಿ ಮಾಡಿಸಬೇಕಾಯಿತು. 2024ರ ಫೆಬ್ರುವರಿಯಲ್ಲಿ ಲಾವಾ ಹರಿದು ಬಿಸಿನೀರಿನ ಮುಖ್ಯ ಕೊಳವೆ ಒಡೆದಾಗ ಪರ್ಯಾಯದ್ವೀಪದ ಸಾವಿರಾರು ಮನೆಗಳು ಚಳಿಗಾಲದ ನಡುವೆ ತಣ್ಣಗಾದವು. ಯಂತ್ರಗಳಿಗೆ ತಂಪು ಬೇಕು ಎಂದು ನಾವು ಹುಡುಕಿಕೊಂಡು ಹೋಗುವ ಊರಲ್ಲಿ ಜನ ಬಿಸಿಗಾಗಿ ಪರದಾಡಿದರು.

ಜಲವಿದ್ಯುತ್ತಿನ ಬೆಲೆ ಏನೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶರಾವತಿಯ ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳವರ ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಐಸ್‌ಲ್ಯಾಂಡಿನಲ್ಲೂ ಅಲ್ಯೂಮಿನಿಯಂ ಕಾರ್ಖಾನೆಗಾಗಿ ಕಟ್ಟಿದ 690 ಮೆಗಾವಾಟ್‌ನ ಕಾರಾನ್ಯೂಕರ್ ಯೋಜನೆಯ ವಿರುದ್ಧ ದೊಡ್ಡ ಚಳವಳಿ ನಡೆದಿತ್ತು. ಕಲ್ಲಿದ್ದಲಿಗಿಂತ ಜಲವಿದ್ಯುತ್ ಮೇಲು ಎಂಬುದು ಖಂಡಿತ. ಆದರೆ 'ಸಂಪೂರ್ಣ ಹಸಿರು' ಎಂದು ವಾರ್ಷಿಕ ವರದಿಯಲ್ಲಿ ಬರೆದು ಕೈತೊಳೆದುಕೊಳ್ಳುವುದು ಅಷ್ಟು ಪ್ರಾಮಾಣಿಕವಲ್ಲ.

ದಾರಿಯಲ್ಲಿನ ಅಪಾಯ ಬೇರೆ. ಐಸ್‌ಲ್ಯಾಂಡನ್ನು ಯುರೋಪಿಗೆ ಜೋಡಿಸುವ ಸಮುದ್ರದಾಳದ ಕೇಬಲ್‌ಗಳು ಮೂರು. ಭಾರತದಿಂದ ಯುರೋಪಿಗೆ ಹೋಗುವ ಹೆಚ್ಚಿನ ಕೇಬಲ್‌ಗಳು ಕೆಂಪು ಸಮುದ್ರದ ಇಕ್ಕಟ್ಟಿನಲ್ಲಿ ಹಾದುಹೋಗುತ್ತವೆ. 2024ರ ಆರಂಭದಲ್ಲಿ ಒಮ್ಮೆ, 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಅಲ್ಲಿ ಕೇಬಲ್‌ಗಳು ತುಂಡಾದವು. ಎರಡನೆಯ ಬಾರಿ ಭಾರತದಲ್ಲೂ ಇಂಟರ್‌ನೆಟ್ ನಿಧಾನವಾಯಿತು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ಸ್ವಿಚ್ ಯಾರ ಕೈಯಲ್ಲಿದೆ? ಜರ್ಮನಿ ಯುರೋಪಿಯನ್ ಒಕ್ಕೂಟದ ಸದಸ್ಯ, ಐಸ್‌ಲ್ಯಾಂಡ್ ಯುರೋಪಿಯನ್ ಆರ್ಥಿಕ ವಲಯದ ಸದಸ್ಯ. ದತ್ತಾಂಶ ರಕ್ಷಣೆಗೆ ಎರಡೂ ಕಡೆ ಒಂದೇ ಕಾನೂನು. ಬಿಎಂಡಬ್ಲ್ಯು ತನ್ನ ಯಂತ್ರವನ್ನು ಹೊರದೇಶಕ್ಕೆ ಕಳಿಸಿದರೂ ಕಾನೂನಿನ ಮಟ್ಟಿಗೆ ಅದು ಓಣಿಯ ಆಚೆ ಮನೆಗೆ ಕಳಿಸಿದಂತೆ. ಭಾರತದ ಕಂಪನಿಗೆ ಆ ಅನುಕೂಲ ಇಲ್ಲ. ಪಾವತಿ ವ್ಯವಹಾರದ ದತ್ತಾಂಶ ಭಾರತದಲ್ಲೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಆದೇಶಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ನಿರ್ದಿಷ್ಟ ದೇಶಗಳಿಗೆ ವೈಯಕ್ತಿಕ ದತ್ತಾಂಶ ಕಳಿಸದಂತೆ ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಕಾರಿನ ಬಾಗಿಲಿನ ಗಣನೆಗೆ ಇವು ತೊಡಕಾಗಲಿಕ್ಕಿಲ್ಲ. ರೋಗಿಗಳ ವಿವರ ಸೇರಿರುವ ಔಷಧ ಸಂಶೋಧನೆಗೆ ಖಂಡಿತ ತೊಡಕಾಗಬಹುದು.

ಕಾನೂನು ಸುಮ್ಮನಿದ್ದರೂ ರಾಜಕೀಯ ಸುಮ್ಮನಿರುವುದಿಲ್ಲ. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ ಕೆಲವೇ ದಿನಗಳಲ್ಲಿ, ಗುಜರಾತಿನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಗೆ ಮೈಕ್ರೊಸಾಫ್ಟ್ ತನ್ನ ಸೇವೆ ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಬಳಿಕ ಸೇವೆ ಮರಳಿತು. ಭಾರತದ ಕಾನೂನನ್ನು ಮುರಿಯದ ಕಂಪನಿಯೂ ಬೇರೆ ಖಂಡದ ತೀರ್ಮಾನದಿಂದ ಒಂದು ಬೆಳಿಗ್ಗೆ ಇಮೇಲ್ ಕಳೆದುಕೊಳ್ಳಬಹುದು ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಪುಣೆಯಲ್ಲಿರುವವರಿಗೆ ಈ ಪಾಠ ಹಳೆಯದು. 1980ರ ದಶಕದ ಕೊನೆಯಲ್ಲಿ ಅಮೆರಿಕ ನಮಗೆ ಒಂದು ಕ್ರೇ ಸೂಪರ್‌ಕಂಪ್ಯೂಟರ್ ಕೊಟ್ಟಿತು, ಅದೂ ಹವಾಮಾನ ಮುನ್ಸೂಚನೆಗೆ ಮಾತ್ರ ಎಂಬ ಷರತ್ತಿನೊಂದಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬೇಕೆಂದದ್ದು ಬರಲೇ ಇಲ್ಲ. ಆ ನಿರಾಕರಣೆಯ ಹಿನ್ನೆಲೆಯಲ್ಲೇ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು, 1991ರಲ್ಲಿ ಪರಮ್ 8000 ಸಿದ್ಧವಾಯಿತು. 2007ರಲ್ಲಿ ಟಾಟಾ ಸಮೂಹದ ಪ್ರಯೋಗಾಲಯ ಇದೇ ಪುಣೆಯಲ್ಲಿ ನಿಲ್ಲಿಸಿದ 'ಏಕ' ಜಗತ್ತಿನ ಅತಿ ವೇಗದ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 2022ರಲ್ಲಿ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಭಾರತೀಯ ವಿಜ್ಞಾನ ಸಂಸ್ಥೆಗೇ ಬಂತು. ಈ ಮೂವತ್ತೈದು ವರ್ಷಗಳಲ್ಲಿ ನಾವು ಗಳಿಸಿದ ನಿಜವಾದ ಆಸ್ತಿ ಆ ಪೆಟ್ಟಿಗೆಗಳಲ್ಲ; ಅವನ್ನು ಜೋಡಿಸಬಲ್ಲ, ಕೆಟ್ಟರೆ ಬಿಚ್ಚಿ ನೋಡಬಲ್ಲ, ಒಂದು ಗಣನೆ ಯಾಕೆ ನಿಧಾನವಾಯಿತೆಂದು ಹೇಳಬಲ್ಲ ಜನ.

ಯಂತ್ರ ಹೊರಟಾಗ ಅವರ ಗತಿ ಏನು ಎಂಬುದು ಪ್ರಸ್ತಾವದ ಯಾವ ಸ್ಲೈಡಿನಲ್ಲೂ ಇರುವುದಿಲ್ಲ. ನಾಲ್ಕಾರು ಮಂದಿಯ ತಂಡವನ್ನು ಕೈಬಿಟ್ಟು ಆ ಸಂಬಳವನ್ನೂ ಉಳಿತಾಯದ ಖಾತೆಗೆ ಸೇರಿಸುತ್ತಾರೆ. ಮುಂದೆ ಯಂತ್ರ ಮುನಿದರೆ ಫೋನು ಮಾಡುವುದಷ್ಟೇ ನಮ್ಮ ಪಾಲಿನ ಎಂಜಿನಿಯರಿಂಗ್. ಒಪ್ಪಂದದ ಅವಧಿ ಮುಗಿದು ದರ ಏರಿಸಿದಾಗ ಬೇಡ ಎನ್ನಲು ಬೇಕಾದ ತಿಳಿವಳಿಕೆಯೂ ಒಳಗೆ ಉಳಿದಿರುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬಂತಾಗುತ್ತದೆ. ಹುಬ್ಬಳ್ಳಿಯಿಂದಲೋ ದಾವಣಗೆರೆಯಿಂದಲೋ ಪದವಿ ಮುಗಿಸಿ ಬಂದ ಹುಡುಗ ಹುಡುಗಿಯರು ದೊಡ್ಡ ಯಂತ್ರದ ಒಳಗನ್ನು ಕಲಿಯುತ್ತಿದ್ದುದು ಆ ತಂಡಗಳಲ್ಲೇ. ಆ ಬಾಗಿಲು ಮುಚ್ಚಿದರೆ ಅವರಿಗೆ ಇನ್ನೊಂದು ಬಾಗಿಲು ಸುಲಭಕ್ಕೆ ಸಿಗುವುದಿಲ್ಲ.

ಹಾಗೆಂದು ಯಂತ್ರಗಳನ್ನು ಕಳಿಸಲೇಬಾರದು ಎಂಬುದು ನಮ್ಮ ವಾದವಲ್ಲ. ಕಾಯಬಲ್ಲ ಕೆಲಸ, ಅರ್ಧಕ್ಕೆ ನಿಂತರೆ ನಿಂತಲ್ಲಿಂದಲೇ ಮುಂದುವರಿಸಬಲ್ಲ ಕೆಲಸ, ಹೊರಗೆ ಗೊತ್ತಾದರೂ ಕಂಪನಿ ಮುಳುಗದ ಕೆಲಸ ಹೋಗಲಿ. ಅದರಿಂದ ಹಣವೂ ಉಳಿಯುತ್ತದೆ, ಇಂಗಾಲವೂ ತಗ್ಗುತ್ತದೆ. ಮೂರು ತಿಂಗಳು ಒಂದೇ ಬಗೆಯ ಗಣನೆಯನ್ನು ಎರಡೂ ಕಡೆ ನಡೆಸಿ, ಕಾದ ಗಂಟೆಗಳನ್ನೂ ಲೆಕ್ಕಕ್ಕೆ ಸೇರಿಸಿ ನೋಡಿದ ಮೇಲೆ ತೀರ್ಮಾನವಾಗಲಿ. ಮೂಲ ದತ್ತಾಂಶದ ಒಂದು ಪ್ರತಿ ಮತ್ತು ಗೂಢಲಿಪಿಯ ಕೀಲಿಕೈ ಭಾರತದಲ್ಲೇ ಇರಲಿ. ವಿದ್ಯುತ್ ಕಡಿತವಾದರೆ ಪರಿಹಾರವೆಷ್ಟು, ನಿರ್ಬಂಧ ಬಂದರೆ ದತ್ತಾಂಶ ಎಷ್ಟು ದಿನದಲ್ಲಿ ವಾಪಸು ಎಂಬುದು ಒಪ್ಪಂದದಲ್ಲೇ ಬರಲಿ. ತುರ್ತಿಗೆ ಸಾಕಾಗುವಷ್ಟು ಸಣ್ಣ ಯಂತ್ರಸಮೂಹವೊಂದು ನಮ್ಮ ಕಟ್ಟಡದಲ್ಲೇ ಉಳಿಯಲಿ, ಅದನ್ನು ನಡೆಸುವ ತಂಡವೂ ಉಳಿಯಲಿ. ಉಳಿತಾಯದ ಒಂದು ಭಾಗ ಆ ತಂಡದ ತರಬೇತಿಗೆ ಹೋಗಲಿ.

ಇದನ್ನು ಕೇಳಲು ಸರ್ಕಾರದ ಆದೇಶ ಬೇಕಿಲ್ಲ. ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿ ಇಂಥ ಪ್ರಸ್ತಾವ ಮೇಜಿನ ಮೇಲೆ ಬಂದಾಗ ಆ ಕೋಣೆಯಲ್ಲಿರುವ ನಮ್ಮವರೊಬ್ಬರು ಯೂನಿಟ್ ದರದ ಪುಟವನ್ನು ದಾಟಿ, 'ನಾಳೆ ಅವರು ಸ್ವಿಚ್ ಆರಿಸಿದರೆ ನಾಡಿದ್ದು ನಾವು ಏನು ಮಾಡುತ್ತೇವೆ?' ಎಂದು ಕೇಳಿದರೆ ಸಾಕು. ಅದಕ್ಕೆ ಸಮಾಧಾನಕರ ಉತ್ತರ ಸಿಕ್ಕ ಮೇಲೆ ಸಹಿ ಹಾಕಲು ಅಡ್ಡಿಯಿಲ್ಲ.