ಕುಶಲಕರ್ಮಿಗೊಂದು ಆಸನ

ಬೆಂಗಳೂರಿನಿಂದ ಮೈಸೂರಿಗೆ ಹೋಗತಕ್ಕವನು ಈಗ ಚನ್ನಪಟ್ಟಣವನ್ನು ಕಾಣದೆಯೇ ದಾಟಿಬಿಡಬಹುದು. 2023ರ ಮಾರ್ಚ್ ತಿಂಗಳಿನಲ್ಲಿ ಉದ್ಘಾಟನೆಗೊಂಡ ದಶಪಥ ಹೆದ್ದಾರಿಯು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕಿಟ್ಟು ಸಾಗಿ, ಮೂರು ಗಂಟೆಯ ಪ್ರಯಾಣವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದೆ. ಆ ವೇಗದ ಉಪಕಾರವನ್ನು ಉಂಡವರಲ್ಲಿ ನಾನೂ ಒಬ್ಬನಾದ್ದರಿಂದ ಅದನ್ನು ನಿಂದಿಸುವ ಅಧಿಕಾರ ನನಗಿಲ್ಲ. ಆದರೆ ಹಳೆಯ ರಸ್ತೆಯ ಇಕ್ಕೆಲಗಳಲ್ಲಿ ಸಾಲುಗೂಡಿದ್ದ ಬೊಂಬೆಯಂಗಡಿಗಳು, ಕಾಫಿಗೆಂದು ಇಳಿದವನ ಮಗುವು ಹಟಹಿಡಿದು ಕೊಡಿಸಿಕೊಳ್ಳುತ್ತಿದ್ದ ಒಂದು ಗಿಲಕಿಯನ್ನು, ಒಂದು ಬುಗುರಿಯನ್ನು, ಒಂದು ತೂಗುಕುದುರೆಯನ್ನು ನೆಚ್ಚಿಕೊಂಡು ಬಾಳುತ್ತಿದ್ದುವೆಂಬುದು, ಆ ಮಗು ಅಲ್ಲಿ ಇಳಿಯದೆ ಹೋದಮೇಲೆ ಊರಿಗೆ ಅರಿವಾಯಿತು. ಭೂಮಿಯನ್ನು ಬಿಟ್ಟುಕೊಡಬೇಕಾದವನ ಆಕ್ಷೇಪಣೆಯನ್ನು ಆಲಿಸತಕ್ಕದ್ದೆಂದು ಹೆದ್ದಾರಿಯ ಕಾನೂನಿನಲ್ಲಿ ವಿಧಿಯುಂಟು. ಗಿರಾಕಿಯನ್ನು ಬಿಟ್ಟುಕೊಡಬೇಕಾದವನಿಗೆ ಅಲ್ಲಿ ಅಂಥ ಹಕ್ಕಿಲ್ಲ.

ಒಂದು ಬುಗುರಿ ಹುಟ್ಟುವ ಬಗೆಯನ್ನು ನಿಂತು ನೋಡಿದವರಿಗೆ ನನ್ನ ಅಭಿಪ್ರಾಯ ಬೇಗ ತಿಳಿದೀತು. ಹಾಲೆಮರದ, ಆ ಸೀಮೆಯ ಜನರ ಬಾಯಲ್ಲಿ ಆಲೆಮರದ, ದಂತದಂತೆ ಬಿಳುಪಾದ ನಯವಾದ ತುಂಡುಗಳು ತಿಂಗಳುಗಟ್ಟಲೆ ಒಣಗಿ, ಲೇತಿನ ಮೇಲೇರಿ, ಉಳಿಯ ಬಾಯಿಗೆ ಸಿಕ್ಕು ರೂಪವನ್ನು ಪಡೆದಮೇಲೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಆ ತಿರುಗುವ ಮರಕ್ಕೆ ಒತ್ತಿಹಿಡಿಯುತ್ತಾರೆ. ಉಜ್ಜಿದ ಕಾವಿಗೇ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಕಟ್ಟಕಡೆಗೆ ತಾಳೆಗರಿಯಿಂದ ತೀಡಿದಾಗ ಅದಕ್ಕೆ ಹೊಳಪು ಬರುತ್ತದೆ. ಟಿಪ್ಪು ಸುಲ್ತಾನನು ಪರ್ಷಿಯಾ ದೇಶದ ಕುಶಲಿಗಳನ್ನು ಕರೆಸಿ ಈ ವಿದ್ಯೆಯನ್ನು ಇಲ್ಲಿ ಊರಿಸಿದನೆಂಬುದು ಐತಿಹ್ಯ. ಜಪಾನಿನವರ ಕ್ರಮವನ್ನು ಕಲಿತು ಈ ಕೆಲಸವನ್ನು ತಿದ್ದಿದವರೆಂದು ಬಾವಾಸ್ ಮಿಯಾ ಎಂಬವರ ಹೆಸರನ್ನು ಊರವರು ಇಂದಿಗೂ ಗೌರವದಿಂದ ಹೇಳುತ್ತಾರೆ. ಅದಿರಲಿ. ಮರ ರೈತನ ಬದುವಿನಿಂದ ಬರಬೇಕು; ಅದರ ಸಾಗಣೆಗೆ ಅರಣ್ಯದ ಅಧಿಕಾರಿಯ ಮನಸ್ಸು ಒಲಿಯಬೇಕು; ಅರಗು ಜಾರ್ಖಂಡ, ಛತ್ತೀಸಗಢಗಳ ಕಾಡಿನ ಕಡೆಯಿಂದ ಬರಬೇಕು; ವಿದ್ಯುತ್ತು ನಿಂತಿತೆಂದರೆ ಲೇತೂ ನಿಂತಿತು. ಇಷ್ಟು ಜನರ ಕೈ ಸೋಕಿ ಬರುವ ವಸ್ತುವಿನ ಯೋಗಕ್ಷೇಮವನ್ನು ಕಡೆಯುವವನೊಬ್ಬನ ತಲೆಗೇ ಕಟ್ಟಿ, ಉಳಿದವರೆಲ್ಲರೂ ನಿಶ್ಚಿಂತರಾಗಿರುವುದು ನ್ಯಾಯವಲ್ಲ.

ಸರ್ಕಾರವು ಏನನ್ನೂ ಮಾಡಿಲ್ಲವೆಂದು ಹೇಳುವುದು ಸುಳ್ಳಾಗುತ್ತದೆ. ಚನ್ನಪಟ್ಟಣದ ಬೊಂಬೆಗೆ ಜಿಐ ಮಾನ್ಯತೆ ದೊರೆತು ಬಹು ವರ್ಷಗಳಾದುವು. 2021ರ ಜನವರಿಯಿಂದ ಆಟದ ಸಾಮಾನುಗಳಿಗೆಲ್ಲ ಐಎಸ್‌ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಪಡೆದ ಸರಕುಗಳಿಗೂ ವಿನಾಯಿತಿ ಸಿಕ್ಕಿತು. 2023ರಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯು ಹೆಸರಿಸಿದ 18 ಕಸುಬುಗಳಲ್ಲಿ ಬೊಂಬೆ ಮಾಡುವವನದೂ ಒಂದು. ಉಪಕರಣಗಳಿಗಾಗಿ ₹15,000, ಶೇಕಡ 5ರ ಬಡ್ಡಿಯಲ್ಲಿ ಮೊದಲು ₹1 ಲಕ್ಷ, ಅದನ್ನು ತೀರಿಸಿದಮೇಲೆ ₹2 ಲಕ್ಷ ಸಾಲ. ಇವೆಲ್ಲವೂ ಶ್ಲಾಘ್ಯವೇ. ಆದರೆ ಸಾಲದಿಂದ ಲೇತು ಬರುತ್ತದೆಯೇ ಹೊರತು ಗಿರಾಕಿ ಬರುವುದಿಲ್ಲ. ಗಿರಾಕಿಯಿಲ್ಲದವನ ಮನೆಗೆ ಬಂದ ಸಾಲವು ಎಷ್ಟೇ ಸೌಮ್ಯವಾದುದಾದರೂ ಸಾಲವೇ.

ಗಿರಾಕಿಯನ್ನು ತರತಕ್ಕವರು ದೆಹಲಿಯಲ್ಲಿಲ್ಲ, ಅಲ್ಲಿಯೇ ತಾಲ್ಲೂಕಿನಲ್ಲಿದ್ದಾರೆ. ಈ ಮಾತು ಹೊಸದೇನಲ್ಲ. 1911ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರಿನಲ್ಲಿ ಸ್ಥಾಪಿತವಾದ ಸಂಪದಭ್ಯುದಯ ಸಮಾಜವು, ಅಧಿಕಾರಿಗಳೂ ವರ್ತಕರೂ ಕೃಷಿಕರೂ ಒಂದೇ ಪಂಕ್ತಿಯಲ್ಲಿ ಕುಳಿತು ನಾಡಿನ ಕೈಗಾರಿಕೆಯನ್ನು ಕುರಿತು ವಿಚಾರಮಾಡತಕ್ಕದ್ದೆಂಬ ಉದ್ದೇಶದಿಂದಲೇ ಹುಟ್ಟಿ, ಜಿಲ್ಲೆ ತಾಲ್ಲೂಕುಗಳಲ್ಲಿಯೂ ತನ್ನ ಸಮಿತಿಗಳನ್ನು ಏರ್ಪಡಿಸಿತ್ತು; ನಮ್ಮ ಸಾಹಿತ್ಯ ಪರಿಷತ್ತು ಸಹ ಅದರ ಚರ್ಚೆಗಳ ಫಲವೆಂಬುದನ್ನು ಕನ್ನಡಿಗರು ಮರೆಯಲಾರರು. ಆ ಸಭೆಗಳಲ್ಲಿ ಬಡ ಕಮ್ಮಾರನಿಗೆ ಎಷ್ಟು ಎಡೆಯಿತ್ತೆಂಬುದು ಬೇರೆ ಪ್ರಶ್ನೆ. ಅಲ್ಲಿ ವಿದ್ಯಾವಂತರದೇ ಮೇಲುಗೈಯಾಗಿತ್ತೆಂದು ನನ್ನ ಅನುಮಾನ. ಆ ಊನವನ್ನು ತುಂಬುವ ದಾರಿಯನ್ನು 2014ರ ಬೀದಿಬದಿ ವ್ಯಾಪಾರಿಗಳ ಕಾನೂನು ತೋರಿಸಿಕೊಟ್ಟಿದೆ: ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ತಮ್ಮೊಳಗಿನಿಂದ ಆರಿಸಿದ ಪ್ರತಿನಿಧಿಗಳಿರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರಿರಬೇಕು. ತಳ್ಳುಗಾಡಿಯವನಿಗೆ ಸಲ್ಲುವ ನ್ಯಾಯವು ಬೊಂಬೆ ಕಡೆಯುವವನಿಗೆ ಏತಕ್ಕೆ ಸಲ್ಲಬಾರದು?

ಇಂಥ ಸಮಿತಿಯೊಂದು ಚನ್ನಪಟ್ಟಣದಲ್ಲಿ ಸೇರಿತೆನ್ನೋಣ. ಅದರ ಮುಂದೆ ಇಡತಕ್ಕ ಮೊದಲನೆಯ ವಿಷಯ ಅಂಗನವಾಡಿ. ಕರ್ನಾಟಕದಲ್ಲಿ 60 ಸಾವಿರಕ್ಕೂ ಮಿಕ್ಕಿ ಅಂಗನವಾಡಿಗಳಿವೆ. ಅಲ್ಲಿಯ ಮಕ್ಕಳು ಬಾಯಿಗಿಟ್ಟುಕೊಳ್ಳುವ ವಯಸ್ಸಿನವರು. ಅರಿಸಿನದಿಂದಲೂ ನೀಲಿಯಿಂದಲೂ ಬಣ್ಣವೇರಿದ ಮರದ ಗಿಲಕಿಗಿಂತ ಅವರಿಗೆ ತಕ್ಕ ಆಟಿಕೆ ಯಾವುದು? ಒಂದೊಂದು ಕೇಂದ್ರಕ್ಕೆ ವರ್ಷಕ್ಕೆ ಒಂದು ಬುಟ್ಟಿ ಬೊಂಬೆಯೆಂದರೂ, ಹೆದ್ದಾರಿಯ ಮೇಲೆ ಯಾರು ನಿಂತರು ಯಾರು ಹೋದರು ಎಂಬ ಚಿಂತೆಯಿಂದ ಊರು ಬಹುಮಟ್ಟಿಗೆ ಪಾರಾಗುತ್ತದೆ. ಸಣ್ಣ ಉದ್ಯಮಗಳಿಂದ ಗೊತ್ತಾದ ಒಂದು ಪಾಲನ್ನು, ಈಗ ಶೇಕಡ 25ರಷ್ಟನ್ನಾದರೂ, ಕೊಳ್ಳತಕ್ಕದ್ದೆಂದು ಕೇಂದ್ರದ ಇಲಾಖೆಗಳಿಗೆ 2012ರಿಂದಲೇ ನಿಯಮವಿರುವಾಗ ಈ ತತ್ತ್ವಕ್ಕೆ ಯಾರೂ ಬೆಚ್ಚಬೇಕಾಗಿಲ್ಲ. ಆದರೆ ಇದನ್ನು ಕಾಗದದಿಂದ ಕೆಲಸಕ್ಕೆ ತರುವಾಗ ಶಿಶು ಅಭಿವೃದ್ಧಿಯ ಅಧಿಕಾರಿಯೂ ಕುಶಲಕರ್ಮಿಯೂ ಮುಖಾಮುಖಿಯಾಗಿ ಕುಳಿತು, ಯಾವ ಗಾತ್ರ, ಎಷ್ಟು ತೂಕ, ಯಾವ ತಿಂಗಳಿಗೆ, ಹಣ ಎಷ್ಟು ದಿನದೊಳಗೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಇಲ್ಲದಿದ್ದರೆ ಟೆಂಡರು ಎಲ್ಲಿಗೆ ಹೋಗಿ ತಲುಪುತ್ತದೆಂಬುದನ್ನು ಓದುಗರಿಗೆ ಹೇಳಬೇಕಾದ್ದಿಲ್ಲ. ಬದುಗಳ ಮೇಲೆ ಹಾಲೆಸಸಿ ನೆಡಲು ಪಂಚಾಯತಿಯನ್ನು ಒಪ್ಪಿಸುವುದು, ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಕಣ್ಣಿಗೆ ಬೀಳುವಂಥ ಫಲಕವೊಂದನ್ನು ಹಾಕಿಸುವುದು, ಇವು ಎರಡನೆಯ ದಿನದ ಕೆಲಸ.

ಸಮಿತಿಯೆಂದರೆ ಚಹಾ, ಬಿಸ್ಕತ್ತು, ನಡಾವಳಿಯ ಪುಸ್ತಕ ಎಂದು ನಗುವವರಿದ್ದಾರೆ. ಅವರ ನಗೆಗೆ ಕಾರಣವಿಲ್ಲದೆ ಇಲ್ಲ. ಕಡೆಯುವವನನ್ನು ಸನ್ಮಾನಕ್ಕೆ ಮಾತ್ರ ಕರೆದು, ಶಾಲು ಹೊದಿಸಿ, ನಿರ್ಣಯದ ಹೊತ್ತಿಗೆ ಹೊರಗೆ ಕಳುಹಿಸುವ ಸಭೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದಕಾರಣ ಲೇತಿನ ಮುಂದೆ ಕುಳಿತುಕೊಳ್ಳುವವರು, ಅರಗು ಹಚ್ಚುವ ಹೆಂಗಸರು, ಸಣ್ಣ ಅಂಗಡಿಯವರು ಇವರೇ ಅಲ್ಲಿ ಬಹುಸಂಖ್ಯಾತರಾಗಿರಬೇಕು. ಸಭೆಯೂ ಅವರ ಒಂದು ದಿನದ ಕೂಲಿ ಕೆಡದಂಥ ಹೊತ್ತಿನಲ್ಲಿ ಕೂಡಬೇಕು.

ನವರಾತ್ರಿಗೆ ಹಳೆಯ ಮೈಸೂರಿನ ಮನೆಗಳಲ್ಲಿ ಬೊಂಬೆ ಕೂರಿಸುತ್ತಾರೆ. ಅದಕ್ಕೆ ಮುಂಚೆ, ತಾಲ್ಲೂಕಿನ ಅಧಿಕಾರಿಗಳೂ ನಗರಸಭೆಯವರೂ ಬ್ಯಾಂಕಿನವರೂ ಒಂದು ಸಂಜೆ ಆ ಬೊಂಬೆಗಳನ್ನು ಮಾಡುವವರನ್ನು ಕರೆದು ಎದುರಿಗೆ ಕೂರಿಸಿಕೊಳ್ಳಲಿ.